ನಮ್ಮ ಸೀಮೆಯ ಆಯಿಲ್ ಇಂಜಿನ್ನು ಮತ್ತು ಹೆಡ್ ಬೋಲ್ಟಿನ ಬಿಗಿ

ಬೆಳ್ಳಿಹಬ್ಬದ ಸಂಚಿಕೆ ಎಂದ ಮೇಲೆ ಷೇರು, ಠೇವಣಿ, ಸಾಲ ವಸೂಲಾತಿಯ ಲೆಕ್ಕ ಬರುವುದು ವಾಡಿಕೆ. ಅದನ್ನು ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ಕೊಟ್ಟೇ ಕೊಡುತ್ತಾರೆ. ಸಂಪಾದಕ ಮಂಡಳಿಯವರು ನಮ್ಮನ್ನು ಕರೆದು "ಊರಿನ ಬೇಸಾಯದ ಇತಿಹಾಸ ಏನಾದ್ರೂ ಬರ್ಕೊಡಿ" ಎಂದಾಗ ಕೆರೆ, ನಾಲೆ, ದೇವಸ್ಥಾನ ಎಲ್ಲವೂ ಬೇರೆಯವರ ಪಾಲಿಗೆ ಹೋಗಿತ್ತು. ಹಾಗಾಗಿ ನಾವು ಆರಿಸಿಕೊಂಡದ್ದು ಒಂದು ಗೇಣಿಗಿಂತ ಚಿಕ್ಕ ವಸ್ತುವನ್ನು. ಅದು ಇಂಜಿನ್ನಿನ ಹೆಡ್ ಬೋಲ್ಟು. ನಗುವವರು ನಗಲಿ. ಸಂಘದಲ್ಲಿ ಪಂಪ್‌ಸೆಟ್ಟಿಗೂ ಟಿಲ್ಲರಿಗೂ ಸಾಲ ತೆಗೆದವರು ಎಷ್ಟು ಜನ ಇದ್ದಾರೋ ಅಷ್ಟು ಮನೆಗಳ ಫಸಲು ಈ ಬೋಲ್ಟಿನ ಬಿಗಿಯ ಮೇಲೆ ನಿಂತಿದೆ. ಸಾಲದ ಕಂತೂ ಅದರ ಮೇಲೇ ನಿಂತಿದೆ ಎನ್ನುವುದು ನಿರ್ದೇಶಕರಾದ ನಮಗೆ ಚೆನ್ನಾಗಿ ಗೊತ್ತು.

ಇಂಜಿನ್ನು ಬರುವುದಕ್ಕೆ ಮುಂಚೆ ನಮ್ಮ ಕಡೆ ನೀರು ಎತ್ತುತ್ತಿದ್ದದ್ದು ಏತ ಮತ್ತು ಕಪಿಲೆಯಿಂದ. ಹಳಬರಿಗೆ ಇದನ್ನು ಹೇಳಬೇಕಾಗಿಲ್ಲ, ಹೊಸ ಹುಡುಗರಿಗೆ ಏತ ಎಂದರೆ ಏನೆಂದೇ ತಿಳಿಯದು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಕಟ್ಟಿ ಮುಗಿದದ್ದು 1960ರ ದಶಕದಲ್ಲಿ. ನಾಲೆಯ ಕೆಳಗಿನ ಗದ್ದೆಗಳಿಗೆ ನೀರು ತಾನಾಗಿ ಹರಿದು ಬಂತು. ನಾಲೆಗಿಂತ ಎತ್ತರದಲ್ಲಿರುವ ತೋಟ, ಮೇಲ್ಗದ್ದೆ, ಹಳ್ಳದ ದಂಡೆಯ ಜಮೀನು ಇವುಗಳಿಗೆ ಮಾತ್ರ ನೀರನ್ನು ಎತ್ತಿಯೇ ಹಾಕಬೇಕಿತ್ತು.

ಕರೆಂಟು ಇರಲಿಲ್ಲವೇ ಎಂದರೆ, ಇತ್ತು. ನಮ್ಮ ಜಿಲ್ಲೆಯಲ್ಲೇ ಹುಟ್ಟುತ್ತಿತ್ತು. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಜೋಗದಲ್ಲಿ 1948-49ರಲ್ಲಿ ವಿದ್ಯುದಾಗಾರ ಶುರುವಾಯಿತು, 1960ರ ದಶಕದಲ್ಲಿ ಶರಾವತಿ ಯೋಜನೆಯೂ ಬಂತು. ಆದರೆ ಆ ತಂತಿ ಮೊದಲು ಪೇಟೆಗೆ, ಕಾರ್ಖಾನೆಗೆ ಹೋಗಿ, ಹಳ್ಳಿಯ ಹೊಲದ ಬದುವಿಗೆ ಬರುವ ಹೊತ್ತಿಗೆ ಒಂದು ತಲೆಮಾರೇ ಕಳೆಯಿತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ನಮ್ಮ ಜಿಲ್ಲೆಯೇ ಸಾಕ್ಷಿ. ಆ ನಡುವಿನ ಕಾಲವನ್ನು ತುಂಬಿಸಿದ್ದು ಆಯಿಲ್ ಇಂಜಿನ್ನು.

ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತ 1897ರಲ್ಲಿ ಚೆನ್ನಾಗಿ ಓಡುವ ಇಂಜಿನ್ನನ್ನು ತೋರಿಸಿದ. ಅದಾಗಿ ಕೆಲವೇ ದಶಕಗಳಲ್ಲಿ ಇಂಗ್ಲೆಂಡಿನ ಲಿಸ್ಟರ್, ಪೆಟ್ಟರ್, ರಸ್ಟನ್ ಕಂಪನಿಗಳ ಭಾರವಾದ ಇಂಜಿನ್ನುಗಳು ಹಿಂದೂಸ್ತಾನದ ಅಕ್ಕಿ ಗಿರಣಿಗಳಲ್ಲಿ, ದೊಡ್ಡ ಜಮೀನುದಾರರ ಬಾವಿಗಳ ಮೇಲೆ ಕೂತವು. ಬಡ ರೈತನಿಗೆ ಎಟುಕಿದ ಇಂಜಿನ್ನು ಮಾತ್ರ ನಮ್ಮವರೇ ಮಾಡಿದ್ದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದರು. ಆಗ ಕಬ್ಬಿಣದ ನೇಗಿಲು ಉತ್ತರೆ ಭೂಮಿಗೆ ವಿಷ ಆಗುತ್ತದೆ ಎಂದು ಜನ ಹೆದರಿ ಕೊಳ್ಳಲಿಲ್ಲವಂತೆ. ಮುಂದೆ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ, 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್ನಿನ ಕಂಪನಿ ಆದವು. ಹರಿಹರದ ಕಾರ್ಖಾನೆ ಈಗ ಮುಚ್ಚಿ ಹೋಗಿದೆ. ಆದರೆ ಅಲ್ಲಿ ಮಾಡಿದ ಲೇತುಗಳು ಶಿವಮೊಗ್ಗ, ಭದ್ರಾವತಿಯ ಎಷ್ಟೋ ವರ್ಕ್‌ಶಾಪುಗಳಲ್ಲಿ ಇಂದೂ ತಿರುಗುತ್ತಿವೆ. ಮನೆಗೆ ಐದು ಎಚ್.ಪಿ.ಯ ಒಂದು ಇಂಜಿನ್ನು ಬಂತು ಎಂದರೆ ಅದಕ್ಕೆ ಕುಂಕುಮ ಇಟ್ಟು ನಿಂಬೆಹಣ್ಣು ಕುಯ್ದು ಪೂಜೆ ಮಾಡುತ್ತಿದ್ದದ್ದು ನಮ್ಮ ಹಿರಿಯರ ಬಾಯಲ್ಲಿ ಕೇಳಿದ್ದೇವೆ.

ಇನ್ನು ಬೋಲ್ಟಿನ ವಿಷಯಕ್ಕೆ ಬರೋಣ. ಇಂಜಿನ್ನು ಎಂದರೆ ಒಂದು ಕೊಳವೆ. ಅದರಲ್ಲಿ ಪಿಸ್ಟನ್ನು ಮೇಲೆ ಕೆಳಗೆ ಆಡುತ್ತದೆ. ಕೊಳವೆಯ ಮೇಲೆ ಮುಚ್ಚಳ ಹಾಕಿದಂತೆ ಕೂರುವುದು ಹೆಡ್ಡು. ಹೆಡ್ಡಿಗೂ ಬ್ಲಾಕಿಗೂ ನಡುವೆ ಗ್ಯಾಸ್ಕೆಟ್ಟು. ಮೂರನ್ನೂ ಒಟ್ಟಿಗೆ ಹಿಡಿದಿಟ್ಟುಕೊಳ್ಳುವುದು ಹೆಡ್ ಬೋಲ್ಟು, ಕೆಲವು ಇಂಜಿನ್ನಲ್ಲಿ ಸ್ಟಡ್ಡು ಮತ್ತು ನಟ್ಟು. ನಮ್ಮ ಕಡೆ ಬಹಳ ಮನೆಗಳಲ್ಲಿದ್ದ ಐದು ಎಚ್.ಪಿ. ಕಿರ್ಲೋಸ್ಕರ್ ಎ.ವಿ.1 ಇಂಜಿನ್ನಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಅದರ ಬೋರು 80 ಮಿ.ಮೀ., ಪಿಸ್ಟನ್ನು ಓಡಾಡುವುದು 110 ಮಿ.ಮೀ., ವೇಗ ನಿಮಿಷಕ್ಕೆ 1500 ಸುತ್ತು. ಒಳಗೆ ಬಂದ ಗಾಳಿಯನ್ನು ಹದಿನಾರೂವರೆ ಪಾಲಿನಲ್ಲಿ ಒಂದು ಪಾಲಿಗೆ ಒತ್ತಿ ಕುಗ್ಗಿಸುತ್ತದೆ. ಆ ಬಿಸಿಗೆ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡಾಗ ಒಂದು ಚದರ ಸೆಂ.ಮೀ.ಗೆ 60 ಕೆ.ಜಿ.ಯಷ್ಟು ಒತ್ತಡ ಎಂದು ಹಿಡಿದರೂ, 80 ಮಿ.ಮೀ. ಬೋರಿನ ಮೇಲೆ ಒಟ್ಟು 3 ಟನ್ ಆಗುತ್ತದೆ. ಐವತ್ತು ಕೆ.ಜಿ.ಯ ಅರವತ್ತು ಚೀಲ ಭತ್ತವನ್ನು ಒಮ್ಮೆಲೇ ಕೆಳಗಿನಿಂದ ಎತ್ತಿ ಮುಚ್ಚಳಕ್ಕೆ ಗುದ್ದಿದ ಹಾಗೆ. ಅದೂ ಒಂದು ಸಲ ಅಲ್ಲ. ಎರಡು ಸುತ್ತಿಗೆ ಒಂದು ಗುದ್ದು ಎಂದರೆ ನಿಮಿಷಕ್ಕೆ 750, ಒಂದು ಗಂಟೆಗೆ 45,000 ಗುದ್ದು. ರಾತ್ರಿಯೆಲ್ಲ ತೋಟಕ್ಕೆ ನೀರು ಬಿಟ್ಟು ಬಂದು ನಾವು ಮಲಗಿದ್ದಾಗ ಆ ಬೋಲ್ಟುಗಳು ಮಾಡುತ್ತಿದ್ದ ಕೆಲಸ ಇದು.

ಬೋಲ್ಟನ್ನು ನಾವು ಗಟ್ಟಿ ಮೊಳೆ ಎಂದು ತಿಳಿದಿರುತ್ತೇವೆ. ನಿಜವಾಗಿ ಅದು ಸ್ಪ್ರಿಂಗು. ಬಿಗಿ ಮಾಡಿದಾಗ ಬೋಲ್ಟು ಹಿಗ್ಗುತ್ತದೆ. ನೂರು ಮಿ.ಮೀ. ಉದ್ದದ ಒಳ್ಳೇ ಬೋಲ್ಟು ಪೂರಾ ಬಿಗಿಯಲ್ಲಿ ಸುಮಾರು ಕಾಲು ಮಿ.ಮೀ. ಉದ್ದವಾಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ಎಳೆಯುತ್ತದಲ್ಲ, ಆ ಎಳೆತವೇ ಹೆಡ್ಡನ್ನು ಒತ್ತಿ ಹಿಡಿಯುವುದು. ಹುಲ್ಲಿನ ಗಾಡಿಗೆ ಹಗ್ಗ ಬಿಗಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಗ್ಗ ಚೆನ್ನಾಗಿ ಬಿಗಿದಿದ್ದರೆ ಗಾಡಿ ಎಷ್ಟು ಕುಲುಕಿದರೂ ಹಗ್ಗಕ್ಕೆ ಏನೂ ಆಗದು. ಸಡಿಲ ಇದ್ದರೆ ಒಂದೊಂದು ಹಳ್ಳಕ್ಕೂ ಜಗ್ಗಿ ಜಗ್ಗಿ ಕೊನೆಗೆ ಹಗ್ಗವೇ ತುಂಡಾಗುತ್ತದೆ. ಬೋಲ್ಟೂ ಹಾಗೇ. ಬೋಲ್ಟುಗಳ ಎಳೆತ ಇಂಜಿನ್ನಿನ ಗುದ್ದಿಗಿಂತ ಹೆಚ್ಚಿದ್ದರೆ ಆ ಗುದ್ದು ಬೋಲ್ಟಿಗೆ ತಾಗುವುದು ಬಹಳ ಕಡಿಮೆ. ಎಳೆತ ಕಡಿಮೆಯಾದರೆ ಗಂಟೆಗೆ 45,000 ಸಲ ಜಗ್ಗಿಸಿಕೊಂಡು ದಣಿದು ಮುರಿಯುತ್ತದೆ. ಮುರಿದ ಬೋಲ್ಟು ನೋಡಿ "ಜಾಸ್ತಿ ಬಿಗಿ ಆಗಿತ್ತು" ಎನ್ನುವವರೇ ಹೆಚ್ಚು. ಎಷ್ಟೋ ಸಲ ಅದು ಸಡಿಲ ಇದ್ದದ್ದಕ್ಕೇ ಮುರಿದಿರುತ್ತದೆ.

ಹಾಗಂತ ಪೈಪು ಹಾಕಿ ಎಳೆಯುವುದೂ ಸಲ್ಲ. ಹಿಗ್ಗುವ ಮಿತಿ ದಾಟಿದರೆ ಬೋಲ್ಟು ಮತ್ತೆ ಕುಗ್ಗದು, ಹಳೇ ರಬ್ಬರ್ ಬ್ಯಾಂಡಿನ ಹಾಗೆ ಜೋತು ಬೀಳುತ್ತದೆ. ಇಲ್ಲವೇ ಬ್ಲಾಕಿನ ಬೀಡಿನ ಥ್ರೆಡ್ಡು ಕಿತ್ತು ಬರುತ್ತದೆ. ಬೋಲ್ಟಿಗಾದರೆ ನೂರಿನ್ನೂರು ರೂಪಾಯಿ, ಬ್ಲಾಕಿನ ಥ್ರೆಡ್ಡು ಹೋದರೆ ಹೊರೆ ಹೊತ್ತುಕೊಂಡು ಪೇಟೆಗೆ ಹೋಗಬೇಕು.

ಎಷ್ಟು ಬಿಗಿ ಎನ್ನುವ ಈ ಅಳತೆ ನಮ್ಮ ಹಳ್ಳಿಗಳಿಗೆ ಎಲ್ಲಿಂದ ಬಂತು ಎಂಬುದೇ ಈ ಬರಹದ ಮುಖ್ಯ ವಿಷಯ. ಇಂಜಿನ್ನು ಮಾರಿದ ಅಂಗಡಿಯವರು ಒಂದು ಪುಸ್ತಕ ಕೊಡುತ್ತಿದ್ದರು. ಅದು ಇಂಗ್ಲಿಷಿನಲ್ಲಿ ಇರುತ್ತಿತ್ತು, ಮಾಳಿಗೆಯ ಮೇಲೆ ಇಲಿ ತಿನ್ನುತ್ತಿತ್ತು. ನಮ್ಮ ತಿಳಿವಳಿಕೆಯಂತೆ ಅಳತೆ ಬಂದದ್ದು ಪುಸ್ತಕದಿಂದಲ್ಲ, ಭದ್ರಾವತಿಯಿಂದ.

ಭದ್ರಾವತಿಗೆ ಹಿಂದೆ ಬೆಂಕೀಪುರ ಎಂದು ಹೆಸರು. ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ 1918ರಲ್ಲಿ ಅಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಗೆ ಬುನಾದಿಯಾಗಿ 1923ರಲ್ಲಿ ಕಬ್ಬಿಣ ಇಳಿಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರಾ ಹೊಳೆಯ ನೀರು. 1930ರ ದಶಕದಲ್ಲಿ ಉಕ್ಕು ಬಂತು, ಸ್ವಾತಂತ್ರ್ಯ ಬಂದ ಮೇಲೆ ಮಿಶ್ರಲೋಹದ ಉಕ್ಕೂ ಬಂತು. 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರ ಕಾರ್ಖಾನೆಯನ್ನು ವಹಿಸಿಕೊಂಡಿತು. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ಸುದ್ದಿ ಬಂದಾಗ ಕಾರ್ಮಿಕರು ಧರಣಿ ಕೂತದ್ದು ಎಲ್ಲರಿಗೂ ನೆನಪಿದೆ. ಇಷ್ಟು ಚರಿತ್ರೆ ಶಾಲೆಯ ಪುಸ್ತಕದಲ್ಲೂ ಸಿಗುತ್ತದೆ. ಸಿಗದಿರುವುದು ಬೇರೆ ಇದೆ. ಸುತ್ತಲಿನ ಹಳ್ಳಿಗಳಿಂದ ಸೈಕಲ್ಲು ತುಳಿದುಕೊಂಡು ಪಾಳಿಗೆ ಹೋಗುತ್ತಿದ್ದ ಜನ ಸಂಜೆ ಮನೆಗೆ ತಂದದ್ದು ಸಂಬಳ ಮಾತ್ರ ಅಲ್ಲ. ಫಿಟ್ಟರು, ಟರ್ನರು, ಮೌಲ್ಡರು ಆದವರ ಕೈಯಲ್ಲಿ ಒಂದು ಅಳತೆ ಬಂದಿತ್ತು. ಹಳ್ಳಿಯ ಇಂಜಿನ್ನು ಕೆಟ್ಟಾಗ ನಾವು ಹೋಗಿ ಬಾಗಿಲು ತಟ್ಟುತ್ತಿದ್ದದ್ದು ಅವರ ಮನೆಯದೇ.

ನಮ್ಮೂರಿನಲ್ಲೂ ಅಂಥವರೊಬ್ಬರು ಇದ್ದರು. ಎಲ್ಲರಿಗೂ ಅವರು ಫಿಟ್ಟರಜ್ಜ. ನಿವೃತ್ತರಾದ ಮೇಲೆ ಅರ್ಧ ಎಕರೆ ತೋಟ ನೋಡಿಕೊಂಡಿದ್ದರು. ನಾಟಿಗೆ ಮುಂಚೆ, ಬೇಸಗೆ ಕೊನೆಯಲ್ಲಿ, ಇಂಜಿನ್ನು ಬಿಚ್ಚಿ ಕಟ್ಟುವ ಕೆಲಸ ಊರಿನ ಅಂಗಳಗಳಲ್ಲಿ ಸಾಲಾಗಿ ನಡೆಯುತ್ತಿತ್ತು. ಹೊಗೆ ಜಾಸ್ತಿಯಾಗಿದೆ, ರಿಂಗು ಹಾಕಬೇಕು; ವಾಲ್ವು ಸೋರುತ್ತಿದೆ, ಗ್ರೈಂಡಿಂಗ್ ಮಾಡಬೇಕು. ಲೈನರಿನ ಕೆಲಸ ಇದ್ದರೆ ಶಿವಮೊಗ್ಗಕ್ಕೋ ಭದ್ರಾವತಿಗೋ ಒಯ್ಯುವುದು, ಮಿಕ್ಕಿದ್ದು ಮನೆಯಲ್ಲೇ. ಗೋಣಿಚೀಲ ಹಾಸಿ, ಬೋಗುಣಿಯಲ್ಲಿ ಸೀಮೆಎಣ್ಣೆ ಇಟ್ಟು, ಮಕ್ಕಳನ್ನೆಲ್ಲ ದೂರ ಅಟ್ಟಿ ಕೂರುವುದು. ಅಜ್ಜ ಜಗಲಿ ಮೇಲೆ ಕೂತು ನೋಡುತ್ತಿದ್ದರು. ಹೆಡ್ಡು ಕೂರಿಸುವ ಹೊತ್ತಿಗೆ ಮಾತ್ರ ಎದ್ದು ಬರುತ್ತಿದ್ದರು.

ಅವರು ಬಂದರೆ ಮೊದಲು ಕೇಳುತ್ತಿದ್ದದ್ದು ಸಂತೆಯಲ್ಲಿ ಬಳಸುವ ಸ್ಪ್ರಿಂಗ್ ತಕ್ಕಡಿ! ಟಾರ್ಕ್ ರೆಂಚು ಎಂಬುದು ಆಗ ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಜ್ಜ ರಿಂಗ್ ಪಾನದ ತುದಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಪಾನಕ್ಕೆ ನೇರ ಅಡ್ಡವಾಗಿ ಮೆಲ್ಲಗೆ ಎಳೆಯುತ್ತಿದ್ದರು. ಬೋಲ್ಟಿನ ನಡುವಿನಿಂದ ಕೊಕ್ಕೆಗೆ 30 ಸೆಂ.ಮೀ. ಇದ್ದು ತಕ್ಕಡಿ 20 ಕೆ.ಜಿ. ತೋರಿಸಿದರೆ, 0.3 ಮೀಟರ್ ಗುಣಿಸು 20, ಅಂದರೆ 6 ಕೆ.ಜಿ.-ಮೀಟರ್ ಬಿಗಿ. ಏತದಲ್ಲಿ ನಾವು ಮಾಡುತ್ತಿದ್ದದ್ದೂ ಇದೇ ಲೆಕ್ಕ ಅಲ್ಲವೇ, ಮರ ಉದ್ದ ಇದ್ದಷ್ಟೂ ತೂಕ ಹಗುರ. ಯಾವನಾದರೂ ಹುಡುಗ ರಟ್ಟೆ ತೋರಿಸಲು ಮುಂದೆ ಬಂದರೆ ಅಜ್ಜ, "ತಮ್ಮಾ, ನಿನ್ ರಟ್ಟೆ ಬಲ ಮೂಟೆ ಹೊರಕ್ಕೆ ಇಟ್ಕೊ. ಇಲ್ಲಿ ತಕ್ಕಡಿ ಹೇಳ್ದಷ್ಟೇ" ಅನ್ನುತ್ತಿದ್ದರು. ಊರಿನ ಭತ್ತವನ್ನೂ ಊರಿನ ಬೋಲ್ಟನ್ನೂ ಒಂದೇ ತಕ್ಕಡಿ ತೂಗಿತು ಎನ್ನುವುದು ನಮಗೆ ಈಗಲೂ ಹೆಮ್ಮೆಯ ವಿಷಯ.

ಅವರ ಕ್ರಮವನ್ನು ಇಲ್ಲಿ ಬರೆದಿಡುತ್ತೇವೆ. ಬಾಯಿಂದ ಬಾಯಿಗೆ ಬಂದದ್ದು ಈಗ ಅರ್ಧಂಬರ್ಧ ಉಳಿದಿದೆ. ಬಿಚ್ಚುವಾಗ ಇಂಜಿನ್ನು ಪೂರ್ತಿ ತಣ್ಣಗಾಗಿರಬೇಕು. ಹೊರಗಿನ ಬೋಲ್ಟಿನಿಂದ ಒಳಕ್ಕೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಒಂದನ್ನೇ ಪೂರಾ ಬಿಚ್ಚಿದರೆ ಹೆಡ್ಡು ಸೊಟ್ಟಗಾಗುತ್ತದೆ. ಬಿಚ್ಚಿದ ಬೋಲ್ಟುಗಳನ್ನು ಒಂದು ರಟ್ಟಿನಲ್ಲಿ ಹೆಡ್ಡಿನ ಆಕಾರಕ್ಕೇ ತೂತು ಮಾಡಿ ಅವುಗಳ ಜಾಗದಲ್ಲೇ ಚುಚ್ಚಿಡಬೇಕು, ಉದ್ದ ಗಿಡ್ಡ ಅದಲು ಬದಲಾಗಬಾರದು. ಥ್ರೆಡ್ಡನ್ನು ತಂತಿ ಬ್ರಷ್ಷಿನಿಂದ ತಿಕ್ಕಿ, ಕೈಬೆರಳಲ್ಲೇ ಕೊನೆತನಕ ತಿರುಗುತ್ತದೆಯೇ ನೋಡಬೇಕು. ನಡುವೆ ತೆಳ್ಳಗಾಗಿರುವ ಬೋಲ್ಟು ಹಿಗ್ಗಿ ಹೋದದ್ದು, ಅದು ಗುಜರಿಗೆ.

ಬ್ಲಾಕಿನ ತೂತುಗಳನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸುವುದನ್ನು ಅಜ್ಜ ತಾವೇ ಮಾಡುತ್ತಿದ್ದರು. ಇದಕ್ಕೆ ಕಾರಣ ಇದೆ. ತಳ ಮುಚ್ಚಿರುವ ತೂತಿನಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ, ಬೋಲ್ಟು ಇಳಿಯುವಾಗ ಅದು ಎಲ್ಲಿಗೂ ಹೋಗಲಾರದೆ ಜಾಕಿನ ಹಾಗೆ ಒತ್ತುತ್ತದೆ. ಬೀಡಿನ ಬ್ಲಾಕು ಅಷ್ಟಕ್ಕೇ ಬಿರುಕು ಬಿಡಬಹುದು. ಬಿಡದಿದ್ದರೂ ಬೋಲ್ಟು ತಳ ಮುಟ್ಟಿದ ಹಾಗೆ ಬಿಗಿ ತೋರಿಸುತ್ತದೆ, ಹೆಡ್ಡು ಮಾತ್ರ ಸಡಿಲ.

ಬೋಲ್ಟಿಗೆ ಎಣ್ಣೆ ಹಚ್ಚಬೇಕೋ ಬೇಡವೋ ಎಂಬ ಜಗಳ ನಮ್ಮೂರಲ್ಲಿ ಎರಡು ತಲೆಮಾರು ನಡೆದಿದೆ. ಇದಕ್ಕೆ ಇಂಜಿನಿಯರುಗಳ ಲೆಕ್ಕ ಕೇಳಿದರೆ ಆಶ್ಚರ್ಯವಾಗುತ್ತದೆ. ನಾವು ಪಾನದಲ್ಲಿ ಹಾಕುವ ಬಲದ ನೂರರಲ್ಲಿ ಸುಮಾರು ಐವತ್ತು ಪಾಲು ಬೋಲ್ಟಿನ ತಲೆಯ ಕೆಳಗಿನ ಉಜ್ಜಾಟಕ್ಕೆ, ನಲವತ್ತು ಪಾಲು ಥ್ರೆಡ್ಡಿನ ಉಜ್ಜಾಟಕ್ಕೆ ಹೋಗುತ್ತದೆ. ಬೋಲ್ಟನ್ನು ಹಿಗ್ಗಿಸುವುದಕ್ಕೆ ಉಳಿಯುವುದು ಬರೀ ಹತ್ತು ಪಾಲು! ದಲ್ಲಾಳಿಗಳು ತಿಂದು ರೈತನಿಗೆ ಉಳಿಯುವ ಪಾಲಿನ ಹಾಗೇ ಆಯಿತು. ತುಕ್ಕು ಇದ್ದರೆ ಆ ಹತ್ತೂ ಸಿಗದು, ಪಾನ ಮಾತ್ರ ಬಿಗಿ ಎನ್ನುತ್ತದೆ. ಎಣ್ಣೆ ಜಾಸ್ತಿಯಾದರೆ ಅದೇ ತೂಕಕ್ಕೆ ಬೋಲ್ಟು ಮಿತಿ ಮೀರಿ ಹಿಗ್ಗುತ್ತದೆ. ಆದ್ದರಿಂದ ಪುಸ್ತಕದಲ್ಲಿ ಒಣಗಿದ ಬೋಲ್ಟಿಗೆ ಹೇಳಿದ ಅಂಕಿ ಒಣಗಿದ್ದಕ್ಕೇ, ಎಣ್ಣೆ ಹಚ್ಚಿದ್ದಕ್ಕೆ ಹೇಳಿದ್ದು ಎಣ್ಣೆ ಹಚ್ಚಿದ್ದಕ್ಕೇ. ಹಚ್ಚಬೇಕು ಎಂದಿದ್ದರೆ ಥ್ರೆಡ್ಡಿಗೂ ತಲೆಯ ಕೆಳಗೂ ಇಂಜಿನ್ ಆಯಿಲ್ ತೆಳ್ಳಗೆ ಸಾಕು, ತೂತಿನೊಳಕ್ಕೆ ಸುರಿಯುವುದಲ್ಲ.

ಬಿಗಿ ಮಾಡುವಾಗ ಬಿಚ್ಚಿದ್ದಕ್ಕೆ ಉಲ್ಟಾ. ನಡುವಿನಿಂದ ಹೊರಕ್ಕೆ, ಎದುರು ಬದುರಾಗಿ. ಗ್ಯಾಸ್ಕೆಟ್ಟು ನಡುವಿನಿಂದ ಅಂಚಿಗೆ ಹರಡಿಕೊಂಡು ಕೂರಬೇಕು, ಚಾಪೆ ಹಾಸುವಾಗ ನಡುವಿನಿಂದ ಸವರುವ ಹಾಗೆ. ಮೂರು ಸುತ್ತಿನಲ್ಲಿ ಮಾಡಬೇಕು. ಆರು ಕೆ.ಜಿ.-ಮೀಟರ್ ಕೊಡಬೇಕಿದ್ದರೆ ಮೊದಲು ಎರಡು, ಆಮೇಲೆ ನಾಲ್ಕು, ಕೊನೆಗೆ ಆರು. ಆಮೇಲೆ ಇಂಜಿನ್ನು ಓಡಿಸಿ, ಬಿಸಿ ಮಾಡಿ, ತಣ್ಣಗಾದ ಮೇಲೆ ಮತ್ತೊಂದು ಸಲ ಅದೇ ತೂಕಕ್ಕೆ ನೋಡಬೇಕು. ಹಳೇ ಮಾದರಿಯ ಗ್ಯಾಸ್ಕೆಟ್ಟು ಬಿಸಿಗೆ ಅಮುಕಿಕೊಂಡು ತೆಳ್ಳಗಾಗುತ್ತದೆ, ಬೋಲ್ಟಿನ ಎಳೆತ ಇಳಿಯುತ್ತದೆ. ಟ್ಯಾಪೆಟ್ಟಿನ ಸಂದು ಅಳೆಯುವುದು ಇದಾದ ಮೇಲೆ. ಹೆಡ್ಡು ಒಂದು ಕೂದಲೆಳೆ ಇಳಿದರೂ ಟ್ಯಾಪೆಟ್ಟಿನ ಅಳತೆ ಬದಲಾಗುತ್ತದೆ.

ಇಷ್ಟೆಲ್ಲ ಗೊತ್ತಿದ್ದರೂ ನಮ್ಮ ಸೀಮೆಯಲ್ಲಿ ಒಂದು ತೊಂದರೆ ಬಹುಕಾಲ ಕಾಡಿತು. ಅದು ಇಂಚಿಗೂ ಮಿಲಿಮೀಟರಿಗೂ ಬಿದ್ದ ಗಂಟು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬ ಇಂಜಿನಿಯರು 1841ರಲ್ಲಿ ತಿರುಪಿನ ಥ್ರೆಡ್ಡಿಗೆ ಒಂದು ಪದ್ಧತಿ ಹಾಕಿಕೊಟ್ಟ. ಅಲ್ಲಿಯತನಕ ಒಂದು ಕಾರ್ಖಾನೆಯ ನಟ್ಟು ಇನ್ನೊಂದು ಕಾರ್ಖಾನೆಯ ಬೋಲ್ಟಿಗೆ ಕೂರುತ್ತಿರಲಿಲ್ಲ. ಬ್ರಿಟಿಷರು ಹೋದ ಕಡೆಯೆಲ್ಲ ಆ ಇಂಚಿನ ಥ್ರೆಡ್ಡು ಹೋಯಿತು. ನಮ್ಮ ಸರ್ಕಾರ 1956ರಲ್ಲಿ ತೂಕ ಮತ್ತು ಅಳತೆಯ ಕಾಯ್ದೆ ಮಾಡಿ ಮೆಟ್ರಿಕ್ ಪದ್ಧತಿ ತಂದಿತು. 1957ರಲ್ಲಿ ನಯಾಪೈಸೆ, ಆಮೇಲೆ ಸೇರು ಹೋಗಿ ಕಿಲೋ ಬಂತು. ಮನುಷ್ಯರು ಐದಾರು ವರ್ಷದಲ್ಲಿ ಕಿಲೋಗೆ ಒಗ್ಗಿಕೊಂಡರು. ಕಬ್ಬಿಣಕ್ಕೆ ಸಾವಿಲ್ಲವಲ್ಲ, ಇಂಚಿನ ಬೋಲ್ಟುಗಳು ಡಬ್ಬಿಗಳಲ್ಲಿ ಐವತ್ತು ವರ್ಷ ಉಳಿದವು.

ಮೂರೆಂಟಾಂಶ ಇಂಚಿನ ವಿಟ್‌ವರ್ತ್ ಬೋಲ್ಟಿನ ದಪ್ಪ 9.5 ಮಿ.ಮೀ., ಇಂಚಿಗೆ 16 ಸುತ್ತು, ಅಂದರೆ ಒಂದು ಸುತ್ತಿಗೆ 1.59 ಮಿ.ಮೀ. ಹತ್ತು ಮಿ.ಮೀ.ನ ಮೆಟ್ರಿಕ್ ಬೋಲ್ಟಿಗೆ ಒಂದು ಸುತ್ತಿಗೆ 1.5 ಮಿ.ಮೀ. ಕಣ್ಣಿಗೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಇಂಚಿನ ಬೋಲ್ಟು ಮೆಟ್ರಿಕ್ ತೂತಿನಲ್ಲಿ ನಾಲ್ಕು ಸುತ್ತು ಹೋಗಿಯೂ ಹೋಗುತ್ತದೆ. ಆದರೆ ಥ್ರೆಡ್ಡಿನ ಕೋನವೂ ಬೇರೆ, ವಿಟ್‌ವರ್ತಿನದು 55 ಡಿಗ್ರಿ, ಮೆಟ್ರಿಕ್ಕಿನದು 60. ಬಿಗಿ ಮಾಡುವಾಗ ಅಂಚು ಮಾತ್ರ ಹಿಡಿದು, ಮೂರು ಟನ್ನಿನ ಗುದ್ದು ಬಿದ್ದಾಗ ತುರಿದುಕೊಂಡು ಬರುತ್ತದೆ. ಊರೂರಲ್ಲಿ "ಥ್ರೆಡ್ ಸ್ಲಿಪ್ಪಾಯ್ತು" ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಈ ಹಳೇ ದಾಯಾದಿ ಜಗಳ.

ಇನ್ನೊಂದು ಮೋಸ ಬೋಲ್ಟಿನ ತಲೆಯ ಅಂಕಿಯದು. ಒಳ್ಳೇ ಹೆಡ್ ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಒತ್ತಿರುತ್ತದೆ. ಗೇಟು, ಕಿಟಕಿಗೆ ಹಾಕುವ ಸಾಧಾರಣ ಬೋಲ್ಟು 4.6. ಹನ್ನೆರಡು ಮಿ.ಮೀ.ನ 4.6 ಬೋಲ್ಟು ಕೆಡದೆ ತಡೆಯುವ ಎಳೆತ ಎರಡು ಟನ್ನಿಗಿಂತ ಕಡಿಮೆ. ಅದೇ ದಪ್ಪದ 8.8 ಬೋಲ್ಟು ಸುಮಾರು ಐದು ಟನ್ ತಡೆಯುತ್ತದೆ. ತೂಕ ಒಂದೇ, ಬಣ್ಣ ಒಂದೇ, ಒಳಗಿನ ಉಕ್ಕು ಮತ್ತು ಅದನ್ನು ಕಾಯಿಸಿ ಹದ ಮಾಡಿದ ಕ್ರಮ ಬೇರೆ. ಭದ್ರಾವತಿಯಲ್ಲಿ ಮಿಶ್ರಲೋಹದ ಉಕ್ಕು ಮಾಡುತ್ತಿದ್ದವರ ನೆರೆಯಲ್ಲೇ ಬದುಕಿದ ನಾವು ಗುಜರಿ ಡಬ್ಬಿಯಿಂದ ಬೋಲ್ಟು ಹೆಕ್ಕಿ ಹೆಡ್ಡಿಗೆ ಹಾಕುವುದು ಸರಿಯಲ್ಲ.

ಆಯಿಲ್ ಇಂಜಿನ್ನಿನ ಕಾಲ ಹೋಗಿ ನಮ್ಮಲ್ಲಿ ಕರೆಂಟಿನ ಪಂಪು ಬಂತು. ಬೋಲ್ಟಿನ ಕಥೆ ಅಲ್ಲಿಗೆ ಮುಗಿಯಿತು ಎಂದುಕೊಂಡರೆ, ಟಿಲ್ಲರು ಬಂತು. ಬೆಂಗಳೂರಿನ ವಿ.ಎಸ್.ಟಿ. ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಶುರುವಾಯಿತು. ಕೇರಳದ ಕ್ಯಾಮ್ಕೋ 1973ರಲ್ಲಿ ಆಯಿತು. ಎತ್ತು ಕಟ್ಟುವವರು ಕಡಿಮೆಯಾದಂತೆ ಸಣ್ಣ ಗದ್ದೆಗಳಿಗೆ ಟಿಲ್ಲರೇ ಎತ್ತಾಯಿತು. ಟಿಲ್ಲರಿನ ಇಂಜಿನ್ನು ಅಡ್ಡ ಮಲಗಿದ ಒಂದೇ ಸಿಲಿಂಡರು, ನೀರಿನಲ್ಲಿ ತಣ್ಣಗಾಗುವುದು. ಕೆಸರಿನಲ್ಲಿ ದಿನವಿಡೀ ದುಡಿದು, ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿ ಕಾದು, ಗ್ಯಾಸ್ಕೆಟ್ಟು ಸುಟ್ಟುಕೊಳ್ಳುವುದು ಯಾವಾಗ ಎಂದರೆ ನಾಟಿಯ ನಡುವೆಯೇ. ಮಕ್ಕಳ ಜ್ವರ ಭಾನುವಾರವೇ ಬರುವ ಹಾಗೆ.

ಕೆಲವು ವರ್ಷದ ಹಿಂದೆ ನಮ್ಮ ಸದಸ್ಯರೊಬ್ಬರ ಟಿಲ್ಲರಿಗೆ ಹೀಗಾಯಿತು. ನಾಲೆಯಲ್ಲಿ ನೀರು ಬಿಟ್ಟಿತ್ತು, ಸಸಿ ಕಿತ್ತಿಟ್ಟಿತ್ತು, ಆಳು ಗೊತ್ತಾಗಿತ್ತು. ಪೇಟೆಯಲ್ಲಿ ಎಲ್ಲೋ ಗ್ಯಾಸ್ಕೆಟ್ಟು ಹಾಕಿಸಿ ತಂದರು. ಎರಡೇ ದಿನಕ್ಕೆ ರೇಡಿಯೇಟರಿನಲ್ಲಿ ಗುಳ್ಳೆ. ಬಿಚ್ಚಿ ನೋಡಿದರೆ ಒಂದು ಕಡೆಯ ನಟ್ಟುಗಳು ಕೈಯಲ್ಲಿ ತಿರುಗುವಷ್ಟು ಸಡಿಲ, ಇನ್ನೊಂದು ಕಡೆ ಪೈಪು ಹಾಕಿ ಎಳೆದ ಗುರುತು. ಮತ್ತೆ ಸಾಮಾನು ತಂದು, ಕಟ್ಟಿ, ಗದ್ದೆಗೆ ಇಳಿಯುವ ಹೊತ್ತಿಗೆ ಎಂಟು ದಿನ. ಸಸಿ ಬಲಿತು ಹೋಗಿತ್ತು, ಆಳುಗಳು ಬೇರೆ ಊರಿನ ಕೆಲಸಕ್ಕೆ ಹೋಗಿದ್ದರು. ಆ ವರ್ಷ ಅವರ ಕಂತು ನಿಂತಿತು. ಸಾಲ ವಸೂಲಾತಿ ಪಟ್ಟಿಯಲ್ಲಿ ಸುಸ್ತಿ ಎಂದು ಅವರ ಹೆಸರು ಬಂತು. ಪಟ್ಟಿಯಲ್ಲಿ ಕಾರಣ ಬರೆಯಲು ಕಾಲಮ್ಮು ಇರುವುದಿಲ್ಲ.

ಆಮೇಲಿನ ಸಾಮಾನ್ಯ ಸಭೆಯಲ್ಲಿ ಸಂಘದಿಂದ ಒಂದು ಟಾರ್ಕ್ ರೆಂಚು ತರೋಣ ಎಂಬ ವಿಷಯ ಬಂತು. "ಯೂರಿಯಾ ತರ್ಸ್ರೀ ಅಂದ್ರೆ ಪಾನ ತರ್ತೀವಿ ಅಂತಾರಲ್ರೀ" ಎಂದು ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು, ಸಭೆಯೆಲ್ಲ ನಕ್ಕಿತು. ಕೇಳಿದ್ದು ತಪ್ಪೇನಲ್ಲ, ಗೊಬ್ಬರದ ಮುಂದೆ ಪಾನ ಸಣ್ಣದೇ. ಕಡೆಗೆ ಟಿಲ್ಲರು ಕಳೆದುಕೊಂಡ ಆ ಸದಸ್ಯರೇ ಎದ್ದು, "ನನ್ ಎಂಟ್ ದಿನದ ಲೆಕ್ಕ ಹಾಕಿ ನೋಡ್ರಪ್ಪ" ಎಂದರು. ಯಾರೂ ಮಾತಾಡಲಿಲ್ಲ. ನಿರ್ಣಯ ಪಾಸಾಯಿತು.

ಈ ರೆಂಚಿನ ಹುಟ್ಟಿನ ಕಥೆಯೂ ಸ್ವಾರಸ್ಯವಾಗಿದೆ. ಭದ್ರಾವತಿ ಕಾರ್ಖಾನೆಗೆ ಬುನಾದಿ ಬಿದ್ದ 1918ರಲ್ಲೇ ಅಮೆರಿಕದ ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯ ಕಾನ್ರಾಡ್ ಬಾರ್ ಎಂಬುವರು ಇದನ್ನು ಮಾಡಿದರಂತೆ. ನೀರಿನ ಪೈಪು ಜೋಡಿಸುವವರು ಬೋಲ್ಟನ್ನು ಅತಿಯಾಗಿ ಬಿಗಿದು ಮುರಿಯುತ್ತಿದ್ದರು, ಅದನ್ನು ತಡೆಯಲು. ಅಂದರೆ ರಟ್ಟೆ ತೋರಿಸುವವರು ನಮ್ಮೂರಲ್ಲಿ ಮಾತ್ರ ಇರಲಿಲ್ಲ ಎಂದಾಯಿತು. ಈಗಿನ ರೆಂಚಿನಲ್ಲಿ ಅಂಕಿ ಇಟ್ಟರೆ ಆ ಬಿಗಿ ಬಂದ ಕೂಡಲೇ ಟಕ್ ಎನ್ನುತ್ತದೆ. ಹೊಸ ಪುಸ್ತಕಗಳಲ್ಲಿ ಕೆ.ಜಿ.-ಮೀಟರಿನ ಬದಲು ನ್ಯೂಟನ್-ಮೀಟರ್ ಎಂದು ಇರುತ್ತದೆ. 1 ಕೆ.ಜಿ.-ಮೀಟರ್ ಎಂದರೆ 9.8 ನ್ಯೂಟನ್-ಮೀಟರ್, ಹತ್ತು ಎಂದು ಹಿಡಿದು ನೋಡಿದರೆ ಅಂಕಿ ತಪ್ಪಿದೆಯೋ ಎಂದು ತಿಳಿಯುತ್ತದೆ.

ಗ್ಯಾಸ್ಕೆಟ್ಟಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಹಿಂದಿನ ಹೆಡ್ ಗ್ಯಾಸ್ಕೆಟ್ಟುಗಳಲ್ಲಿ ಎರಡು ತಾಮ್ರದ ತಗಡಿನ ನಡುವೆ ಕಲ್ನಾರು ಇರುತ್ತಿತ್ತು. ಅದರ ದೂಳು ಉಸಿರಿಗೆ ಹೋದರೆ ವರ್ಷಗಳ ಮೇಲೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು ಎಂಬುದು ಈಗ ಜಗತ್ತಿಗೇ ತಿಳಿದಿದೆ. ನಮ್ಮ ಹಿರಿಯರು ಅದನ್ನು ಅಂಗಳದಲ್ಲಿ ಕೂತು ಒಣಗಿದ್ದನ್ನೇ ಕೆರೆದು, ಊದಿ, ಒರೆಸಿದವರು. ಹಳೇ ಇಂಜಿನ್ನು ಬಿಚ್ಚುವವರು ಅದನ್ನು ಎಣ್ಣೆಯಲ್ಲೋ ನೀರಲ್ಲೋ ತೋಯಿಸಿಯೇ ತೆಗೆಯಬೇಕು, ಕೆರೆಯುವಾಗ ಮೂಗಿಗೆ ಬರೀ ಟವೆಲ್ಲು ಕಟ್ಟಿದರೆ ಸಾಲದು, ಮಕ್ಕಳು ಹತ್ತಿರ ಸುಳಿಯಬಾರದು.

ಹೊಸ ಕಾಲದ ಬಹಳಷ್ಟು ಕಾರು, ಜೀಪುಗಳ ಇಂಜಿನ್ನಿನಲ್ಲಿ ಲೆಕ್ಕವೇ ಬೇರೆಯಾಗಿದೆ. ಅಲ್ಯೂಮಿನಿಯಂ ಹೆಡ್ಡು ಬಿಸಿಗೆ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. ಅದಕ್ಕೆ ಬೋಲ್ಟನ್ನು ಮೊದಲು ಇಂತಿಷ್ಟು ಬಿಗಿದು, ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ ಎಂದು ಕೋನದಲ್ಲಿ ತಿರುಗಿಸುವ ಕ್ರಮ ಬಂದಿದೆ. ಆ ಬೋಲ್ಟುಗಳನ್ನು ಬೇಕೆಂದೇ ಮಿತಿಯ ಅಂಚಿನವರೆಗೆ ಹಿಗ್ಗಿಸುತ್ತಾರೆ. ಆದ್ದರಿಂದ ಅವು ಹೆಚ್ಚಿನವು ಒಂದೇ ಸಲದ ಬಳಕೆಯವು, ಬಿಚ್ಚಿದರೆ ಹೊಸದೇ ಹಾಕಬೇಕು. ಬಿಸಿ ಮಾಡಿ ಮತ್ತೆ ಬಿಗಿಯುವುದೂ ಅಲ್ಲಿ ಕೂಡದು. ಫಿಟ್ಟರಜ್ಜನ ಕ್ರಮ ಟಿಲ್ಲರಿಗೆ, ಹಳೇ ಪಂಪ್‌ಸೆಟ್ಟಿಗೆ ಸರಿ, ಮನೆ ಮುಂದಿನ ಕಾರಿಗೆ ಅದನ್ನೇ ಮಾಡಬಾರದು.

ಸಂಘದ ರೆಂಚು ಈಗ ಗೊಬ್ಬರದ ಗೋದಾಮಿನ ಒಳಕೋಣೆಯ ಬೀರುವಿನಲ್ಲಿದೆ, ಬೀಗದ ಕೈ ಗುಮಾಸ್ತರ ಹತ್ತಿರ ಇದೆ. ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು. ಅದರಿಂದ ಬೋಲ್ಟು ಬಿಚ್ಚಬಾರದು, ಬಿಗಿಯುವುದಕ್ಕೆ ಮಾತ್ರ. ಕೆಲಸ ಆದ ಮೇಲೆ ಅಂಕಿಯನ್ನು ಕೆಳಗಿನ ಗೆರೆಗೆ ಇಳಿಸಿ ತರಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗು ಸೋಲುತ್ತದೆ. ಪಕ್ಕದಲ್ಲೇ ಒಂದು ನೋಟ್ ಪುಸ್ತಕ ಇಟ್ಟಿದ್ದೇವೆ. ಯಾವ ಇಂಜಿನ್ನು, ಎಷ್ಟು ದಪ್ಪದ ಬೋಲ್ಟು, ಕಂಪನಿಯ ಪುಸ್ತಕದಲ್ಲಿ ಎಷ್ಟು ಬಿಗಿ ಹೇಳಿದೆ ಎಂದು ಒಯ್ದವರು ಅದರಲ್ಲಿ ಬರೆಯಬೇಕು. ಮಾಳಿಗೆಯಲ್ಲಿ ಹಳೇ ಇಂಜಿನ್ನಿನ ಪುಸ್ತಕ ಇಲಿ ತಿನ್ನದೆ ಉಳಿದಿದ್ದರೆ ಅಂಥವರು ಸಂಘಕ್ಕೆ ತಂದು ತೋರಿಸಿ, ಅಂಕಿ ಬರೆದುಕೊಂಡು ವಾಪಸು ಕೊಡುತ್ತೇವೆ. ಪುಸ್ತಕದ ಮೊದಲ ಪುಟದಲ್ಲಿ ಇರುವುದು ಫಿಟ್ಟರಜ್ಜನ ಮನೆಯವರು ಕೊಟ್ಟ ಚೀಟಿಯಿಂದ ಇಳಿಸಿದ ಅಂಕಿಗಳು. ಅವೆಲ್ಲ ಕೆ.ಜಿ.ಯಲ್ಲೂ ಪಾನದ ಉದ್ದದಲ್ಲೂ ಇವೆ.